ಹಿಮದೂರಿನಲ್ಲಿ ಹೆಗ್ಗದ್ದೆಯ ಕೆಂಡ

"ಡಿಸೆಂಬರ್ ೧೨, ೧೯೯೭. ಕೆನಡಾ ತಲುಪಿದೆವು. ಎಲ್ಲಿ ನೋಡಿದರೂ ಹಿಮ! ಯಜಮಾನರು ಮೂರು ಸ್ವೆಟರಿನೊಳಗೆ."

ನನ್ನ ಡೈರಿಯ ಅಂದಿನ ಪುಟ ಹೀಗೆ ಶುರುವಾಗುತ್ತದೆ. ಹಾಸನದಲ್ಲಿ ಬಿ.ಎ. ಓದಿದವಳು ನಾನು, ಮದುವೆಯಾದಾಗಿನಿಂದ ಡೈರಿ ತಪ್ಪಿಸಿಲ್ಲ. ತಿರುವಿ ನೋಡಿದರೆ ಒಂದು ಮಾತು ಸ್ಪಷ್ಟ: ನಮ್ಮ ಯಜಮಾನರು ಊರಿನ ರೂಢಿಯನ್ನು ಎಲ್ಲಿಗೆ ಹೊತ್ತುಕೊಂಡು ಹೋದರೂ ಅಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಹೆಗ್ಗದ್ದೆಯ ಕಾಫಿ ತೋಟವನ್ನು ಮೈದುನನಿಗೆ ಒಪ್ಪಿಸಿ, ನಮ್ಮ ಮಠದ ಪರವಾಗಿ ಧರ್ಮಪ್ರಚಾರಕ್ಕೆ ಹೋದ ದಂಪತಿ ನಾವು. ದೊಡ್ಡ ವಸತಿ ಕಟ್ಟಡವೊಂದರ ಕೆಳಮಹಡಿಯಲ್ಲಿ ಪ್ರಾರ್ಥನಾ ಮಂದಿರ, ಅದರ ಹಿಂದೆ ನಮ್ಮ ಬಿಡಾರ. ಅಲ್ಲಿನ ಸಮಿತಿಯ ಕಾರ್ಯದರ್ಶಿ ಮೈಸೂರಿನವರು. ಮೊದಲ ದಿನವೇ ಹೇಳಿಬಿಟ್ಟರು: "ಅಮ್ಮಾ, ಚಳಿಗಾಲದಲ್ಲಿ ಯಾರೂ ಬರಲ್ಲ. ಸಂಕ್ರಾಂತಿ ಪೂಜೆಗೂ ಹಾಲ್ ಖಾಲಿ ಇದ್ರೆ ಬೀಗ ಹಾಕ್ಬಿಡ್ತೀವಿ."

"ಬಿಸಿಲೆ ಕಾಡಿನ ಜಿಗಣೆಗೇ ಹೆದರದೋರು ನಾವು, ಚಳಿಗೆ ಹೆದರ್ತೀವಾ? ನೋಡೋಣ ಬಿಡಿ" ಎಂದರು ಯಜಮಾನರು.

ನಿಂತ ಪಂಚೆ

ಮಾರನೆಯ ದಿನ ಫಳಫಳ ಬಿಸಿಲು. ನಮ್ಮಲ್ಲಿ ಡಿಸೆಂಬರ್ ಬಿಸಿಲೆಂದರೆ ಕಾಫಿ ಒಣಗುವ ಬಿಸಿಲು. ಯಜಮಾನರು ಒಗೆದ ಪಂಚೆಯನ್ನು ಖುಷಿಯಿಂದ ಹೊರಗೆ ಹರವಿ ಬಂದರು. ಸಂಜೆ ಅದನ್ನು ಹಲಗೆಯಂತೆ ಕಂಕುಳಲ್ಲಿ ಇಟ್ಟುಕೊಂಡು ತಂದು ಗೋಡೆಗೆ ಒರಗಿಸಿದರು.

"ಏ, ಬಾರೇ ಇಲ್ಲಿ! ಒಳಗೆ ಯಾರೂ ಇಲ್ಲ, ಆದ್ರೂ ಪಂಚೆ ನಿಂತ್ಕಂಡೈತೆ!"

ಕೋಣೆಯ ಶಾಖಕ್ಕೆ ಅದು ಮೆಲ್ಲಗೆ ಸೊಂಟ ಬಗ್ಗಿಸಿ, ನಮ್ಮ ಮುಂದೆ ನೆಲಕ್ಕೆ ಬಿತ್ತು.

"ಅಂತೂ ಈ ಊರಲ್ಲಿ ಒಬ್ಬನಾದ್ರೂ ನಮಸ್ಕಾರ ಮಾಡ್ದ ಕಣೇ!"

ಮೆಟ್ಟಿಲ ಮೇಲಿನ ಬೂಟು

ಮೊದಲ ವಾರದ ಭಜನೆಗೆ ಆರೇಳು ಮಂದಿ ಬಂದರು. ನನಗೋ ಸಂಭ್ರಮ! ದೇವರ ಮುಂದೆ ಪಾದರಕ್ಷೆಯೇ? ಯಜಮಾನರು ಬಾಗಿಲಲ್ಲೇ ನಿಂತು ಎಲ್ಲರ ಬೂಟುಗಳನ್ನೂ ಹೊರಗೆ ಮೆಟ್ಟಿಲ ಮೇಲೆ ಬಿಡಿಸಿದರು. ಮಂಗಳಾರತಿಯಾಗಿ ಬಾಗಿಲು ತೆರೆದರೆ ಮೆಟ್ಟಿಲೂ ಇಲ್ಲ, ಬೂಟೂ ಇಲ್ಲ, ಬರೀ ಬಿಳಿ ಗುಡ್ಡ! ಯಜಮಾನರು ನನ್ನ ಸಾರಿನ ಸೌಟಿನಿಂದ ಅಗೆದು ತೆಗೆದ ಬೂಟುಗಳ ತುಂಬ ಹಿಮ. ಎಲ್ಲರ ಕಾಲಿಗೂ ಪ್ಲಾಸ್ಟಿಕ್ ಚೀಲ ಕಟ್ಟಿ ಕಳಿಸಿದೆ.

"ಇನ್ಮೇಲೆ ನಾನು ಫೋನಲ್ಲೇ ಭಜನೆ ಮಾಡ್ತೀನಿ ಕಣಮ್ಮಾ" ಎಂದರು ಒಬ್ಬ ಅಜ್ಜಿ.

ಮುಂದಿನ ವಾರ ಭಜನೆಗೆ ಹಾಜರಿದ್ದವರು: ನಾನು, ಯಜಮಾನರು, ಆ ಪಂಚೆ.

ಸಂಕ್ರಾಂತಿ

ಎಳ್ಳುಬೆಲ್ಲ ಬೆರೆಸಿ, ದೊಡ್ಡ ಪಾತ್ರೆಯಲ್ಲಿ ತೋಟದ ಕಾಫಿ ಕಾಯಿಸಿ ಕಾದೆವು. ನರಪಿಳ್ಳೆಯೂ ಇಲ್ಲ. ಕಾರ್ಯದರ್ಶಿ ಬರುವ ಹೊತ್ತು.

"ಚಳಿ ಕಣೇ, ಅದಕ್ಕೇ ಬರ್ತಿಲ್ಲ. ಕೆಂಡ ಇದ್ರೆ ಜನ ತಾವಾಗೇ ಕೂಡ್ತಾರೆ" ಎಂದ ಯಜಮಾನರು, ತೋಟದಲ್ಲಿ ಹಣ್ಣು ಕುಯ್ಯುವವರಿಗೆ ಬೆಳಿಗ್ಗೆ ಹಾಕುವ ಹಾಗೆಯೇ ನನ್ನ ಕಬ್ಬಿಣದ ಬಾಣಲೆಯಲ್ಲಿ ಧೂಪದ ಇದ್ದಿಲು ತುಂಬಿ, ತುಪ್ಪ ಸುರಿದು, ಕಡ್ಡಿ ಗೀರಿದರು. ಬಗ್ಗನೆ ಹೊತ್ತಿಕೊಂಡಿತು! ಹಾಲ್ ತುಂಬ ಹೊಗೆ. ಚಾವಣಿಯಲ್ಲಿದ್ದ ಅಲಾರಂ ಕಿರುಚಿತು, ಅದರ ಹಿಂದೆಯೇ ಇಡೀ ಕಟ್ಟಡದ ಗಂಟೆಗಳು.

"ರೀ, ಏನ್ರೀ ಮಾಡಿದ್ರಿ!"

"ಪೂಜೆ ಹೊತ್ತಿಗೆ ಗಂಟೆ ಹೊಡೀತಾ ಐತೆ, ಒಳ್ಳೇ ಶಕುನ ಬಿಡೇ!"

ಮೇಲಿನ ಮಹಡಿಗಳವರೆಲ್ಲ ಕಂಬಳಿ ಸುತ್ತಿಕೊಂಡು ಬೀದಿಗೆ ಓಡಿದರು. ಫೈರ್ ಇಂಜಿನ್ ಬಂತು. ಅದರ ಮುಖ್ಯಸ್ಥ ಬಾಣಲೆಯನ್ನು ಹಿಮಕ್ಕೆ ಎಸೆದು, ಕಿಟಕಿ ತೆಗೆಸಿ ಹೊಗೆ ಹೊರಹಾಕಿ, ಮೇಲಿನ ಮಹಡಿಗಳನ್ನು ನೋಡಿ ಮುಗಿಸುವ ತನಕ ಎಲ್ಲರೂ ಚಳಿಯಲ್ಲಿ ನಿಲ್ಲದೆ ಹಾಲ್‌ನೊಳಗೇ ಇರಿ ಎಂದ. ಹಾಲ್ ಕಿಕ್ಕಿರಿಯಿತು! ಮನೆಗೆ ಬಂದವರನ್ನು ಸುಮ್ಮನೆ ಕೂರಿಸುವುದುಂಟೇ? ಎಲ್ಲರಿಗೂ ಎಳ್ಳುಬೆಲ್ಲ, ಕಾಫಿ ಕೊಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಕಾರ್ಯದರ್ಶಿ, ಕೈಯಲ್ಲಿ ಬೀಗ.

"ಅಮ್ಮಾ! ಇಷ್ಟೊಂದು ಜನಾನಾ? ಯೂನಿಫಾರ್ಮ್‌ನೋರೂ ಬಂದಿದಾರೆ!"

ಯಜಮಾನರಿಗೆ ಸುಳ್ಳು ಬಾರದು. "ಅವರು ಭಕ್ತರಲ್ಲ ಮಾರಾಯ, ನಾನು ಹಚ್ಚಿದ ಬೆಂಕಿ ಆರಿಸೋಕೆ ಬಂದೋರು."

ಆಗ ಆ ಮುಖ್ಯಸ್ಥನೇ ಖಾಲಿ ಲೋಟ ಹಿಡಿದು ಬಂದು, ಇಂಥ ಪೂಜೆ ಮತ್ತೆ ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಪ್ರತಿ ಭಾನುವಾರ!" ಎಂದೆ. ಕಾರ್ಯದರ್ಶಿ ಬೀಗವನ್ನು ಜೇಬಿಗೆ ಹಾಕಿಕೊಂಡರು.

ಮಂದಿರ ಉಳಿಯಿತು. ಅದಕ್ಕೆ ತಗುಲಿದ ವೆಚ್ಚ ಡೈರಿಯಲ್ಲಿದೆ: ಹಿಮ ತಾಗಿ ಸೀಳಿಹೋದ ಬಾಣಲೆ ಒಂದು, ಯಜಮಾನರ ಹುಬ್ಬು ಅರ್ಧ. ಊರಿಂದ ತಂದ ಕಾಫಿಪುಡಿಯಲ್ಲಿ ಉಳಿದಿದ್ದೆಲ್ಲ ಭಾನುವಾರ ಬರುವವರಿಗೇ ಮೀಸಲಾಯಿತು. ಕಾಫಿ ಬೆಳೆಯುವ ನಾವಿಬ್ಬರು ಉಗಾದಿಯವರೆಗೆ ಟೀ ಕುಡಿದೆವು.