ಮೈಲೇಜ್ ಸಾಲದು ಕಣೋ

ನಾಚಿಕೆ ಸ್ವಭಾವದವರು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಂಬಲಿ. ಆದರೆ ನೆಪ ಹುಡುಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಬಾಯಿ ಇರುವವರು ಕಾಲು ನೋವಾದರೆ ಕಾಲು ನೋವು ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಮಗೆ ಹಾಗಲ್ಲ. ಗುಬ್ಬಿ ಕಡೆಯ ನಮ್ಮೂರ ಶಾಲೆಯಲ್ಲಿ ಓದುವಾಗ, ಹೊರಗೆ ಹೋಗಿ ಬರುತ್ತೇನೆಂದು ಮೇಷ್ಟ್ರನ್ನು ಕೇಳಲು ನಾಚಿ, ಬಳಪ ಮುರಿಯಿತು ಎಂದು ಹೇಳಿ ಎದ್ದು ಹೋಗುತ್ತಿದ್ದೆ. ನನ್ನ ಬಳಪ ದಿನವೂ ಮುರಿಯುವುದನ್ನು ಕಂಡ ಮೇಷ್ಟ್ರು, ಈ ಹುಡುಗಿ ಬಹಳ ಬರೆಯುತ್ತಾಳೆ ಎಂದು ಮೆಚ್ಚಿ, ಊರ ಲೆಕ್ಕವನ್ನೆಲ್ಲ ನನ್ನಿಂದಲೇ ಬರೆಸತೊಡಗಿದರು. ನೆಪದಿಂದ ಏನಾಗುತ್ತದೆ ಎಂದು ನಾನು ಅಂದೇ ಕಲಿಯಬೇಕಿತ್ತು.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಮಕ್ಕಳೇ, ನಿಮ್ಮಪ್ಪ ಗಿರೀಶ ತಂದಿರುವ ಆ ಕೆಂಪು ಕಾರು ಸಾಮಾನ್ಯ ಕಾರಲ್ಲವಂತೆ, ಸ್ಪೋರ್ಟ್ಸ್ ಸೆಡಾನಂತೆ. ತೀರ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುತ್ತದೆ. ಬೆಳ್ಳಾವಿ ರಸ್ತೆಯ ಹಂಪುಗಳನ್ನು ನೇರವಾಗಿ ಹತ್ತಲಾರದೆ, ಹೊಸ ಸೊಸೆ ಹೊಸ್ತಿಲು ದಾಟುವ ಹಾಗೆ, ಒಂದೊಂದೇ ಗಾಲಿಯನ್ನು ಓರೆಯಾಗಿ ಎತ್ತಿಡುತ್ತದೆ. ಅದರ ಎಂಜಿನ್ನಿನಲ್ಲಿ ನೂರಕ್ಕೂ ಹೆಚ್ಚು ಕುದುರೆಗಳ ಶಕ್ತಿ ಇದೆ ಎಂದು ಗಿರೀಶ ಹೇಳಿದಾಗ ನಾನು ಬೆರಗಾಗಿದ್ದೆ. ಅಷ್ಟು ಕುದುರೆಗಳಿದ್ದು ಏನು ಬಂತು, ಒಬ್ಬ ಮುದುಕಿಯನ್ನು ಸೀಟಿನಿಂದ ಮೇಲೆತ್ತಲು ಒಂದೂ ಒದಗುವುದಿಲ್ಲ!

ನನ್ನ ಕಷ್ಟ ಅದೇ. ಹಿರಿಯಳೆಂದು ನನಗೆ ಯಾವಾಗಲೂ ಮುಂದಿನ ಸೀಟು. ಅದು ಸೀಟಲ್ಲ, ಹಳ್ಳ. ಎರಡೂ ಪಕ್ಕ ಎತ್ತರ, ನಡುವೆ ತಗ್ಗು. ಕೂರುವಾಗ ಏನೂ ತೊಂದರೆಯಿಲ್ಲ, ಧೊಪ್ಪನೆ ಬಿದ್ದರಾಯಿತು. ಏಳುವಾಗ ಬಾವಿಗೆ ಬಿದ್ದ ಕೊಡದ ಪಾಡು. ಪಾತಾಳಗರಡಿ ಬಿಟ್ಟು ಎಳೆಯಬೇಕು. ನೀವು ಹಿಂದಿನಿಂದ ಮರಿಗಳ ಹಾಗೆ ಜಿಗಿದು ಓಡುತ್ತೀರಿ. ನಾನು ಮಾತ್ರ ಮುಗುಳ್ನಕ್ಕು, "ನೀವು ನಡೀರಿ, ಸೆರಗು ಸರಿ ಮಾಡ್ಕೊಂಡು ಬತ್ತೀನಿ" ಎನ್ನುತ್ತೇನೆ. ಎಲ್ಲರೂ ಒಳಗೆ ಹೋದ ಮೇಲೆ ನನ್ನ ಕುಸ್ತಿ ಶುರು. ಒಮ್ಮೆ ಶಿರಾ ಗೇಟಿನ ಅಂಗಡಿಯೊಂದರ ಮುಂದೆ ಹೀಗೆ ಒದ್ದಾಡುತ್ತಿದ್ದಾಗ ದಾರಿಹೋಕರೊಬ್ಬರು, "ಏನಾದ್ರೂ ಕಳ್ದೋಯ್ತಾ ಅಮ್ಮ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಪಾಪ, ಅವರು ಬಗ್ಗಿ, ಕಾರಿನ ಕೆಳಗೆಲ್ಲ ಹುಡುಕಿದರು.

ನಿಮ್ಮ ತಾತನ ಸ್ಕೂಟರಿನಲ್ಲಿ ಈ ಗೋಳಿರಲಿಲ್ಲ. ಅವರು ಮೈಲೇಜ್ ಎಂಬ ಮಾತನ್ನೇ ಆಡಿದವರಲ್ಲ. ದಾರಿಯಲ್ಲಿ ಗಾಡಿ ನಿಂತರೆ ಪೆಟ್ರೋಲ್ ಮುಗಿಯಿತು ಎಂದರ್ಥ. ನಾನು ಚಂಗನೆ ಇಳಿಯುತ್ತಿದ್ದೆ. ಅವರು ಸ್ಕೂಟರನ್ನು ಒಂದು ಮಗ್ಗುಲಿಗೆ ಮಲಗಿಸಿ ಎಬ್ಬಿಸುತ್ತಿದ್ದರು. ತಳದಲ್ಲಿದ್ದ ನಾಲ್ಕು ಹನಿಯಲ್ಲಿ ಅದು ಬಂಕಿನವರೆಗೆ ಮುಲುಗುತ್ತಾ ಹೋಗುತ್ತಿತ್ತು. ಆಗ ಬಾಗಿ ಏಳುತ್ತಿದ್ದದ್ದು ಗಾಡಿ. ಈಗ ನಾನು.

ಇದನ್ನು ಗಿರೀಶನಿಗೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳಲಿ? ಅವನು ಆ ಕಾರನ್ನು ಮಗುವಿನ ಮೈ ಒರೆಸುವ ಹಾಗೆ ಒರೆಸುತ್ತಾನೆ. ಅಮ್ಮನಿಗೆ ಏಳಲಾಗುವುದಿಲ್ಲ ಎಂದು ತಿಳಿದರೆ ನೊಂದುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಗುಬ್ಬಿಯ ಬೀದಿಯಲ್ಲಿ ಎಲ್ಲರೆದುರು ನನ್ನ ಎರಡು ಕೈ ಹಿಡಿದು ಎಳೆಯುತ್ತಾನೆ. ಹೀಗೆ ಒದ್ದಾಡುತ್ತಿರುವಾಗ ನನಗೊಂದು ಮರ್ಯಾದೆಯ ನೆಪ ಸಿಕ್ಕಿದ್ದು ಗುಬ್ಬಿಯಲ್ಲೇ, ನನ್ನ ತಮ್ಮ ರಂಗಸ್ವಾಮಿಯ ಮನೆಯಲ್ಲಿ. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರನ್ನು ಕಾಲಿನಿಂದ ಒದ್ದು ನೋಡಿ ಕೇಳಿದ:

"ಏನ್ಲಾ ಗಿರೀಶ, ಎಷ್ಟು ಕೊಡ್ತದೆ?"

"ಹೈವೇಲಿ ಹದಿನಾಲ್ಕು ಕೊಡ್ತದೆ ಮಾವ."

"ಟೌನಲ್ಲಿ?"

ಗಿರೀಶ ಕೆಮ್ಮಿದ. ನಿಮ್ಮಮ್ಮ ಸುಮ ಕಾರಿನೊಳಗಿಂದಲೇ, "ಒಂಬತ್ತು, ಮಾವ. ನಮ್ಮ ಮರಳೂರಿಂದ ಶಿರಾ ಗೇಟಿಗೆ ಹೋಗಿ ಬಂದ್ರೆ ಪೆಟ್ರೋಲ್ ಮುಳ್ಳು ಮಲಗ್ಬಿಡುತ್ತೆ" ಎಂದಳು.

"ಥೂ, ಕುಡುಕ ಗಾಡಿ ಕಣ್ಲಾ ಇದು! ಮಾರ್ಬುಡು. ಮುಂದಕ್ಕೆ ಇಂಥವಕ್ಕೆ ಗಿರಾಕಿನೇ ಇರಲ್ಲ. ಎಲ್ರಿಗೂ ಎತ್ತರದ ಗಾಡಿ ಬೇಕು, ಇಲ್ದಿದ್ರೆ ಕರೆಂಟಿಂದು. ಏನಂತೀಯ ಅಕ್ಕಯ್ಯ?"

ಎತ್ತರದ ಗಾಡಿ! ನನ್ನ ಕಿವಿ ನಿಮಿರಿತು. ಜೀವಮಾನದಲ್ಲಿ ಮೊದಲ ಬಾರಿಗೆ ಗಂಡಸರ ಮಾತಿನ ನಡುವೆ ಬಾಯಿ ಹಾಕಿದೆ. "ಮೈಲೇಜ್ ಸಾಲದು ಕಣೋ ಗಿರೀಶ" ಎಂದೆ. ಎಲ್ಲರೂ ನನ್ನನ್ನೇ ನೋಡಿದರು.

ಅಂದಿನಿಂದ ದಿನವೂ ಅದೇ ಜಪ. ಕಾಫಿ ಕೊಡುವಾಗ ಮೈಲೇಜ್, ಮುದ್ದೆ ಬಡಿಸುವಾಗ ಮೈಲೇಜ್. ಕೊನೆಗೆ ಗಿರೀಶ ಬೇಸತ್ತು ಕಾರು ಮಾರಲು ಒಪ್ಪಿದ. ಕುಣಿಗಲ್ಲಿನಿಂದ ಒಬ್ಬ ಹುಡುಗ ನೋಡಲು ಬರುತ್ತೇನೆಂದ. ಕುದುರೆ ಸಾಕುವ ಊರಿನವರು, ಇಷ್ಟೊಂದು ಕುದುರೆ ಒಟ್ಟಿಗೆ ಸಿಕ್ಕರೆ ಬಿಡುವುದಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವತ್ತು ಒಬ್ಬಟ್ಟು ಕೂಡ ಮಾಡಿದೆ. ಹಬ್ಬವಿಲ್ಲದೆ ಒಬ್ಬಟ್ಟು ಯಾಕೆಂದು ನೀವು ಕೇಳಿದ್ದಿರಲ್ಲ, ಅದಕ್ಕೇ.

ಹುಡುಗ ಬಂದ. ಜೊತೆಗೆ ತಾಯಿಯನ್ನೂ ಕರೆತಂದಿದ್ದ. ಗೌರಮ್ಮನವರು ಎಂದು ಹೆಸರು, ನನ್ನದೇ ವಯಸ್ಸು. "ಅವ್ವನ್ನ ಕೂರ್ಸ್ಕಂಡು ನೆಂಟ್ರ ಮನೆಗೆಲ್ಲ ಓಡಾಡಕ್ಕೇ ತಗತಿರೋದು" ಎಂದ ಹುಡುಗ. ಅವರನ್ನು ಗೌರವದಿಂದ ಮುಂದಿನ ಸೀಟಿಗೆ ಕೂರಿಸಿ, ಗಿರೀಶನನ್ನು ಹಿಂದೆ ಕೂರಿಸಿಕೊಂಡು, ಮರಳೂರಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿ ಬಂದ. ಅವನ ಮುಖ ಅರಳಿತ್ತು. ವ್ಯಾಪಾರ ಕುದುರಿತು ಎಂದುಕೊಂಡೆ. ಗಂಡಸರಿಬ್ಬರೂ ಇಳಿದರು. ಗೌರಮ್ಮನವರು ಇಳಿಯಲಿಲ್ಲ. ಮುಗುಳ್ನಕ್ಕು ಹೇಳಿದರು:

"ನೀವು ನಡೀರಪ್ಪ, ಸೆರಗು ಸರಿ ಮಾಡ್ಕಂಡು ಬತ್ತೀನಿ."

ನಾನು ಸುಮ್ಮನೆ ಬಾಗಿಲಲ್ಲಿ ನಿಂತಿದ್ದರೆ ಸಾಕಿತ್ತು. ಕಾರು ಕುಣಿಗಲ್ಲಿಗೆ ಹೋಗುತ್ತಿತ್ತು, ಅದರ ಜೊತೆ ನನ್ನ ಕುಸ್ತಿಯೂ ಹೋಗುತ್ತಿತ್ತು. ಆದರೆ ಆಕೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಗಾಳಿಯನ್ನು ಹಿಡಿದುಕೊಂಡು ತೂಗಾಡುವುದನ್ನು ನೋಡಲಾಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಹಂಗಲ್ಲ. ಎರಡೂ ಕಾಲು ಮೊದ್ಲು ಆಚೆಗೆ ಹಾಕಿ. ಈಗ ಹಿಂದಕ್ಕೊರಗಿ, ಬೀಸೋಕಲ್ಲಿನ ಮುಂದೆ ಕೂತಂಗೆ ಮುಂದಕ್ಕೆ ತೂಗಿ. ಹ್ಞಾಂ, ಏಳಿ!"

ಎದ್ದರು. ಏದುಸಿರು ಬಿಡುತ್ತಾ ನನ್ನ ಮುಖ ನೋಡಿದರು.

"ದಿನಾ ಹಿಂಗೇಯಾ?"

"ದಿನಾ ಹಿಂಗೇ."

"ಮಗಂಗೆ ಹೇಳಿದ್ದೀರಾ?"

"ಅಯ್ಯೋ, ನಾಚ್ಕೆ. ಮೈಲೇಜ್ ಸಾಲದು ಅಂತೀನಿ."

ಗೌರಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಒಳಗೆ ಹೋಗಿ, ಎರಡು ಒಬ್ಬಟ್ಟು ತಿಂದು, ನಿಧಾನವಾಗಿ ಕೈ ತೊಳೆದು, ಮಗನಿಗೆ ಹೇಳಿದರು: "ಲೇ ಮಗಾ, ಗಾಡಿ ಲಕ್ಷಣವಾಗೈತೆ. ಆದ್ರೆ ಮೈಲೇಜ್ ಸಾಲದು ಕಣೋ. ಬ್ಯಾಡ."

ಹುಡುಗ ಕಣ್ಣು ಬಿಟ್ಟ. "ಮೈಲೇಜು ನಿಂಗೆಂಗೆ ಗೊತ್ತಾಯ್ತವ್ವ?"

"ಕೂತ್ರೆ ಗೊತ್ತಾಗಲ್ವೇನ್ಲಾ!"

ಅವರು ಹೊರಟುಹೋದರು. ಗಿರೀಶ ಮಂಕಾಗಿ ಕುಳಿತ. ಸುತ್ತಿನ ವಯಸ್ಸಾದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆಂದರೆ ತಪ್ಪು ತನ್ನದೇ ಇರಬೇಕು ಎಂದು ಅವನಿಗೆ ಅನಿಸಿತಂತೆ. ಮಾರನೆಯ ದಿನದಿಂದ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದ. ಜೋರಾಗಿ ಓಡಿಸುವುದನ್ನು ಬಿಟ್ಟ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದ. ಡಿಕ್ಕಿಯಲ್ಲಿ ಬಹಳ ದಿನದಿಂದ ಕುಳಿತಿದ್ದ ನಮ್ಮ ತೋಟದ ತೆಂಗಿನಕಾಯಿ ಚೀಲವನ್ನೂ ಇಳಿಸಿದ. ನಾಲ್ಕು ಜನ ಹಿಡಿದು, ಎಷ್ಟು ಜೋಪಾನವಾಗಿ ಇಳಿಸಿದರೆಂದರೆ, ನನಗೆ ಆ ಚೀಲದ ಮೇಲೆ ಹೊಟ್ಟೆಕಿಚ್ಚಾಯಿತು.

ಕಳೆದ ಭಾನುವಾರ ಗುಬ್ಬಿಗೆ ಹೋದೆವಲ್ಲ, ತಮ್ಮನ ಮನೆಯ ಮುಂದೆ ಕಾರು ನಿಲ್ಲಿಸಿ ಗಿರೀಶ ಮೀಟರು ತೋರಿಸಿದ. "ನೋಡಮ್ಮಾ ಇಲ್ಲಿ, ಹದಿನೆಂಟು! ನೀನು ಅಷ್ಟು ಹೇಳ್ದೆ ಅಂತ ಹಠ ಹಿಡ್ದು ಮಾಡಿದೀನಿ. ಇನ್ನು ಈ ಗಾಡಿ ಮಾರೋ ಮಾತೇ ಇಲ್ಲ." ಸುಮಳೂ ಪಕ್ಷ ಬದಲಿಸಿದಳು. "ಹದಿನೆಂಟು ಕೊಡ್ತಿದೆ ಅಂದ್ಮೇಲೆ ಇನ್ನೂ ಹತ್ತು ವರ್ಷ ಇರ್ಲಿ ಬಿಡಿ ಅತ್ತೆ." ರಂಗಸ್ವಾಮಿ ಕೂಡ ಟೈರನ್ನು ಒದೆಯದೆ ಕಾರಿನ ಬೆನ್ನು ತಟ್ಟಿದ, ಇಂಥ ಗಾಡಿಗೆ ಮುಂದೆ ಒಳ್ಳೆ ಕಾಲವಿದೆ ಎಂದ.

ಗಾಡಿಗೆ ಇರಬಹುದು. ಎಲ್ಲರೂ ನಗುತ್ತಾ ಒಳಗೆ ಹೋದರು. ನಾನು ಸೆರಗು ಸರಿಮಾಡಿಕೊಂಡು ಬರುತ್ತೇನೆಂದೆ.

ಮಕ್ಕಳೇ, ಇದನ್ನು ಓದಿ ನಗಿ, ಆದರೆ ನಿಮ್ಮಪ್ಪನ ಹತ್ತಿರ ಬಾಯಿ ಬಿಡಬೇಡಿ. ಮನಸ್ಸು ತಡೆಯದೆ ಏನಾದರೂ ಹೇಳಲೇಬೇಕು ಅನಿಸಿದರೆ, ಮೈಲೇಜ್ ಮತ್ತೆ ಕಡಿಮೆಯಾದ ಹಾಗಿದೆ ಎನ್ನಿ.