ಹುಳದ ಮನೆಗೆ ಬಂದ ಪತ್ತೇದಾರರು

ಎಲ್ಲರ ಕೈಗೂ ಫೋನು ಬಂದ ಮೇಲೆ ನಮ್ಮ ಕಡೆ ಕೆಲಸವಿಲ್ಲದವರು ಅಂತ ಯಾರೂ ಉಳಿದಿಲ್ಲ. ರಿಟೈರ್ ಆದವರು, ಅಂಗಡಿಯಲ್ಲಿ ವ್ಯಾಪಾರವಿಲ್ಲದವರು, ಕೆಲಸ ಇದ್ದೂ ಮಾಡದವರು ಎಲ್ಲರೂ ಪತ್ತೇದಾರರಾಗಿಬಿಟ್ಟಿದ್ದಾರೆ. ಹಾಗಾಗಿ ದಿನ ಬೆಳಗಾದರೆ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ಬೇರೆಯವರ ಮನೆಯಲ್ಲಿ ನಡೆದಾಗ ನಾನೂ ಚೆನ್ನಾಗಿ ನಕ್ಕಿದ್ದೇನೆ. ಕೊನೆಗೆ ಅದು ನಮ್ಮ ಮನೆ ಬಾಗಿಲಿಗೇ ಬಂತು.

ನಾವು ಕನಕಪುರ ತಾಲ್ಲೂಕಿನ ಸಾತನೂರು ಕಡೆಯವರು, ರೇಷ್ಮೆ ಹುಳ ಸಾಕುವವರು. ಹೋದ ವರ್ಷ ನಮ್ಮೂರಿಂದ ಒಂದಷ್ಟು ದೂರದಲ್ಲಿ ರಸ್ತೆ ಪಕ್ಕ ಒಬ್ಬನ ಕೊಲೆಯಾಯಿತು. ಯಾರು ಮಾಡಿದರು ಅನ್ನುವುದು ಇವತ್ತಿಗೂ ಗೊತ್ತಾಗಿಲ್ಲ. ಸತ್ತವನ ವಿಷಯದಲ್ಲಿ ನಗುವಂಥದ್ದೇನೂ ಇಲ್ಲ. ಅವನೂ ಯಾರದೋ ಮನೆಯ ಮಗ. ನಾನು ಹೇಳಹೊರಟಿರುವುದು ಬದುಕಿರುವವರ ವಿಷಯ.

೧. ವಿಷಯಾಂತರ

ಪೊಲೀಸರು ಅವರ ಪಾಡಿಗೆ ಅವರು ತನಿಖೆ ಮಾಡುತ್ತಿದ್ದರು. ಅಷ್ಟರಲ್ಲಿ ರಾಮನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬರು ಫೇಸ್‌ಬುಕ್ಕಿನಲ್ಲಿ ಈ ಕೊಲೆಗೆಂದೇ ಒಂದು ಗುಂಪು ಕಟ್ಟಿದರು. ಗುಂಪಿನ ಅಡ್ಮಿನ್ನೂ ಅವರೇ. ಕನಕಪುರದಲ್ಲಿರುವ ನನ್ನ ನಾದಿನಿ ಮೊದಲ ದಿನವೇ ಸೇರಿಕೊಂಡಳು. ನನ್ನನ್ನೂ ಒಂದು ಮಾತು ಕೇಳದೆ ಸೇರಿಸಿದಳು. "ಇರ್ಲಿ ಅತ್ಗೆ, ನೀನು ಒಸಿ ಲೋಕಜ್ಞಾನ ಕಲ್ತ್ಕೊ" ಅಂದಳು.

ಸೇರಿದ ದಿನ ಅಡ್ಮಿನ್ನು ಒಂದು ಪ್ರಶ್ನೆ ಹಾಕಿದ್ದರು. ಸತ್ತವನು ಕೊನೆಯದಾಗಿ ಎಲ್ಲಿ ಊಟ ಮಾಡಿದ್ದ? ಯಾರೋ ಒಬ್ಬರು, ಅವನು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದುದನ್ನು ಕಂಡವರಿದ್ದಾರೆ ಅಂತ ಬರೆದರು. ಇನ್ನೊಬ್ಬರು ಯಾವ ಹೋಟೆಲು ಅಂತ ಕೇಳಿದರು. ಅಷ್ಟೇ. ಆ ಹೋಟೆಲಿನ ಚಟ್ನಿ ನೀರು ಅಂತ ಒಬ್ಬರು, ನಿಮಗೆ ನಾಲಿಗೆಯೇ ಇಲ್ಲ ಅಂತ ಇನ್ನೊಬ್ಬರು, ಬೆಣ್ಣೆ ಹಾಕುವುದೇ ಮೋಸ ಅಂತ ಮತ್ತೊಬ್ಬರು. ಮಧ್ಯಾಹ್ನದ ಹೊತ್ತಿಗೆ ಇಡ್ಲಿ ಫೋಟೋಗಳು ಬಂದವು. ಸಂಜೆಗೆ ಇಬ್ಬರು ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಪಾಪ ಯಾರೋ ಒಬ್ಬರು ಮೆಲ್ಲಗೆ, "ಅಂದ ಹಾಗೆ ಕೊಲೆ ವಿಷಯ ಎಲ್ಲಿಗೆ ಬಂತು?" ಅಂತ ಕೇಳಿದರು. ಅಡ್ಮಿನ್ನು ಉತ್ತರ ಕೊಟ್ಟರು: "ದಯವಿಟ್ಟು ವಿಷಯಾಂತರ ಮಾಡಬೇಡಿ."

೨. ತಾಲ್ಲೂಕಿನ ಮಾನ

ಗುಂಪಿನಲ್ಲಿ ಎಲ್ಲರೂ ಗೌರವ ಕೊಡುತ್ತಿದ್ದುದು ಮಾಗಡಿಯ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರಿಗೆ. ಅವರು ಬರೆಯುವಾಗ 'ಮೊದಲನೆಯದಾಗಿ, ಎರಡನೆಯದಾಗಿ' ಅಂತ ಬರೆಯುತ್ತಿದ್ದರು. ಅದಕ್ಕೇ ಗೌರವ.

ಒಂದು ದಿನ ಅವರು ಘೋಷಿಸಿದರು: "ಮಾಗಡಿಯಿಂದ ಆ ಹೊತ್ತಿಗೆ ಆ ಕಡೆ ನೇರ ಬಸ್ಸಿಲ್ಲ. ಆದ್ದರಿಂದ ಕೊಲೆಗಾರ ಮಾಗಡಿಯವನಲ್ಲ." ಕೊಲೆ ಮಾಡಲು ಹೊರಟವನು ಬಸ್ಸಿಗೆ ಕಾಯುತ್ತಾನಾ ಸಾರ್ ಅಂತ ಯಾರೋ ಕೇಳಿದರು. "ನನ್ನ ಇಡೀ ಸರ್ವೀಸಿನಲ್ಲಿ ನಾನು ಬಸ್ಸಿಗೆ ಕಾದಿದ್ದೇನೆ" ಅಂದರು ಮೇಷ್ಟರು.

ಮಾಗಡಿಯವರು ಕೈ ತೊಳೆದುಕೊಂಡಿದ್ದು ನೋಡಿ ಚನ್ನಪಟ್ಟಣದವರು ಸುಮ್ಮನಿರುತ್ತಾರಾ? "ನಾವು ಬೊಂಬೆ ಮಾಡೋ ಜನ, ನಮ್ಮ ಕೈ ಅಂಥಾ ಕೆಲಸಕ್ಕೆ ಏಳಲ್ಲ" ಅಂದರು. ರಾಮನಗರದವರು, ನಮಗೆ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಅಂದರು. ಕೊನೆಗೆ ಉಳಿದದ್ದು ನಮ್ಮ ಕನಕಪುರ. ಎಲ್ಲರೂ ದಾಕ್ಷಿಣ್ಯಕ್ಕೆ, "ಛೆ ಛೆ, ಕನಕಪುರದವರೂ ಒಳ್ಳೆಯವರೇ, ಅವರ ಕೈಲಿ ಇಂಥದ್ದೆಲ್ಲ ಆಗಲ್ಲ" ಅಂತ ಮುಗಿಸಿದರು.

ಅದುವರೆಗೆ ಸುಮ್ಮನಿದ್ದ ಕನಕಪುರದ ಒಬ್ಬ ಯಜಮಾನರಿಗೆ ಆಗ ಸಿಟ್ಟು ಬಂತು. "ಯಾಕಾಗಕಿಲ್ಲ? ನಮ್ಮೋರ್ಗೆ ಅಷ್ಟೂ ತಾಕತ್ತಿಲ್ಲ ಅಂದ್ಕಂಡ್ರಾ?" ಅಂತ ಬರೆದೇಬಿಟ್ಟರು.

೩. ಎಲ್ಲೋ ನೋಡಿದ ಮುಖ

ಹುಳದ ಮನೆ ಅಂದರೆ ಬಾಣಂತಿ ಕೋಣೆ ಇದ್ದ ಹಾಗೆ. ಹೊರಗಿನವರನ್ನು ಬಿಡುವುದಿಲ್ಲ. ಯಾರ ಕಾಲಿನಲ್ಲಿ ಯಾವ ರೋಗ ಬರುತ್ತದೋ, ಒಂದು ಹುಳಕ್ಕೆ ಹತ್ತಿದರೆ ಇಡೀ ಬೆಳೆ ಹೋಯಿತು. ಅದಕ್ಕೇ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್, ಕಿಟಕಿಗೆಲ್ಲ ಪರದೆ. ನಮ್ಮೆಜಮಾನರಂತೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗುವುದು. ಸ್ವಂತ ಬೀಗರು ಬಂದರೂ ಅಂಗಳದಲ್ಲೇ ನಿಲ್ಲಿಸುವ ಮನುಷ್ಯ.

ಅಡ್ಮಿನ್ನು ಒಂದು ದಿನ ಕೊಲೆಯಾದ ಜಾಗ ನೋಡಲು ಬಂದವರು ಬಾಯಾರಿಕೆ ಅಂತ ನಮ್ಮ ಹುಳದ ಮನೆ ಕಡೆ ತಿರುಗಿದ್ದಾರೆ. ಅದೇ ಹೊತ್ತಿಗೆ ನಮ್ಮೆಜಮಾನರು ಹಿಪ್ಪುನೇರಳೆ ಕಡ್ಡಿ ಕೊಯ್ದು, ಒಳಗೆ ಹೋಗಲು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಚ್ಚು ಹಿಡಿದುಕೊಂಡೇ ಬಂದಿದ್ದಾರೆ. "ಅಲ್ಲೇ ನಿಂತ್ಕಳಿ! ಒಳೀಕ್ ಕಾಲಿಟ್ರೆ ನೋಡಿ!" ಅಂದಿದ್ದಾರೆ. ಅಡ್ಮಿನ್ನು ನೀರೂ ಕುಡಿಯದೆ, ದೂರದಿಂದ ಒಂದು ಫೋಟೋ ತೆಗೆದುಕೊಂಡು ಓಡಿದ್ದಾರೆ.

ಸಂಜೆ ಫೋಟೋ ಗುಂಪಿನಲ್ಲಿತ್ತು. ಕೈಯಲ್ಲಿ ಮಚ್ಚು, ಮುಖಕ್ಕೆ ಬಟ್ಟೆ, ಮುಚ್ಚಿದ ಕಿಟಕಿ, ನೆಲಕ್ಕೆಲ್ಲ ಬ್ಲೀಚಿಂಗ್ ಪೌಡರ್. ಒಳಗೆ ಏನು ಮುಚ್ಚಿಟ್ಟಿದ್ದಾರೆ ಅಂತ ಕೆಳಗೆ ಪ್ರಶ್ನೆ. ಹಳ್ಳಿ ಕಡೆಯ ಒಬ್ಬರು, "ಅದು ಹುಳದ ಮನೆ ಕಣ್ರಪ್ಪ" ಅಂತ ತಿಳಿಸಿ ಹೇಳಿದರು. "ಅದೇ ಅವನ ಬುದ್ಧಿವಂತಿಕೆ. ಹುಳದ ಮನೆ ಅಂದರೆ ಯಾರೂ ಅನುಮಾನ ಪಡಲ್ಲ ಅಂತ ಅವನಿಗೆ ಗೊತ್ತು" ಅಂದರು ಅಡ್ಮಿನ್ನು.

ನನ್ನ ನಾದಿನಿ ಫೋನ್ ಮಾಡಿದಳು. ಸಂತೋಷಕ್ಕೆ ಅವಳಿಗೆ ಉಸಿರೇ ಸಿಗುತ್ತಿರಲಿಲ್ಲ.

"ಅತ್ಗೆ, ಗ್ರೂಪ್ ನೋಡ್ದಾ? ಕೊಲೆಗಾರ ಸಿಕ್ಬುಟ್ಟ! ಆ ಕಣ್ಣು ನೋಡು, ನೋಡಿದ್ರೇ ಗೊತ್ತಾಯ್ತದೆ, ಹುಟ್ಟಾ ಕೇಡಿ."

"ಅದು ನಿಮ್ಮಣ್ಣ ಕಣೇ" ಅಂದೆ.

ಫೋಟೋ ಇನ್ನೊಂದು ಸಲ ತೆಗೆದು ನೋಡಿದಳು ಅಂತ ಕಾಣುತ್ತದೆ. ಆಮೇಲೆ ಹೇಳಿದಳು: "ಅದ್ಕೇಯಾ, ಎಲ್ಲೋ ನೋಡ್ದಂಗಾಯ್ತು."

೪. ಹಳೇ ಸೀರೆ

ಇಲ್ಲಿಯವರೆಗೆ ನಗು. ಆಮೇಲೆ ನನಗೆ ನಗು ಬರಲಿಲ್ಲ.

ಹುಳ ಸಾಕುವವರ ಕಷ್ಟವೆಲ್ಲ ಕೊನೆಯ ದಿನಕ್ಕೆ ನಿಂತಿರುತ್ತದೆ. ಸೊಪ್ಪು ತಿಂದು ಬೆಳೆದ ಹುಳ ಒಂದು ದಿನ ಇದ್ದಕ್ಕಿದ್ದ ಹಾಗೆ ತಿನ್ನುವುದು ಬಿಟ್ಟು ಹೊಳೆಯುವುದಕ್ಕೆ ಶುರು ಮಾಡುತ್ತದೆ. ಅದಕ್ಕೆ ಹುಳ ಹಣ್ಣಾಯಿತು ಅನ್ನುತ್ತೇವೆ. ಆ ದಿನವೇ ಒಂದೊಂದು ಹುಳವನ್ನೂ ಕೈಯಿಂದ ಆರಿಸಿ, ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ಹುಳ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ, ಒಂದು ತಿಂಗಳು ಹಗಲು ರಾತ್ರಿ ದುಡಿದದ್ದು ಗೊಬ್ಬರದ ಗುಂಡಿಗೆ. ಆವತ್ತು ಮನೆ ತುಂಬ ಕೈ ಬೇಕು.

ನಮಗೆ ಯಾವಾಗಲೂ ಪಕ್ಕದೂರಿನ ಹೆಂಗಸರು ಬರುತ್ತಿದ್ದರು. ಆ ಫೋಟೋ ಊರೂರು ಸುತ್ತಿದ್ದೇ ತಡ, ಒಬ್ಬರೂ ಬರುವುದಿಲ್ಲ ಅಂದುಬಿಟ್ಟರು. ಹುಳ ನಾಳೆಯೋ ನಾಡಿದ್ದೋ ಹಣ್ಣಾಗುವ ಹಾಗಿದೆ. ನಮ್ಮೆಜಮಾನರು ಸೊಪ್ಪು ಹಾಕುತ್ತಲೇ ಇದ್ದರು. ನನಗೆ ಅಳು ಒತ್ತರಿಸಿಕೊಂಡು ಬಂತು. ಆ ಅಡ್ಮಿನ್ನು ಎದುರಿಗೆ ಸಿಕ್ಕಿದ್ದರೆ ಕೊಲೆ ಕೇಸು ಇನ್ನೊಂದು ಆಗುತ್ತಿತ್ತು.

ಆಳುಗಳ ಪೈಕಿ ಹಿರಿಯಳಾದ ಒಬ್ಬಳ ಮನೆಗೇ ಹೋದೆ. "ನೀನೂ ನಂಬ್ತೀಯೇನೇ? ನಮ್ಮನೇರು ಕೊಲೆ ಮಾಡೋರಾ?" ಅಂದೆ.

"ಅಯ್ಯೋ, ಮಾಡಿದ್ರೂ ನಂಗೇನು ಭಯ್ವಿಲ್ಲ ಕಣಕ್ಕ" ಅಂದಳು. "ಆ ಫೋಟೋದೋನು ತಿರ್ಗ ಬತ್ತಾನಂತೆ. ಹುಳ ಆರ್ಸೋ ಹಳೇ ಸೀರೇಲಿರೋ ನನ್ನ ಫೋಟೋನ ಫೇಸ್‌ಬುಕ್ಕಿಗೆ ಹಾಕ್ಬುಟ್ರೆ, ನಮ್ಮ ಬೀಗಿತ್ತಿ ಮುಂದೆ ನಾ ಎಂಗೆ ತಲೆ ಎತ್ಲಿ?"

೫. ಮಹಾಶೋಧನೆ

ಮಾರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಹುಳ ಹಣ್ಣಾಗಿಬಿಟ್ಟಿತ್ತು. ಇಡೀ ಹುಳದ ಮನೆ ಹೊಳೆಯುತ್ತಿದೆ, ಇರುವುದು ನಾವಿಬ್ಬರೇ.

ಆಗ ಮನೆ ಮುಂದೆ ಒಂದು ವ್ಯಾನು ನಿಂತಿತು. ಅಡ್ಮಿನ್ನು, ಹೆಡ್‌ಮಾಸ್ಟರು, ಹಿಂದೆ ಗುಂಪಿನ ಒಂದು ದಂಡು. ಎಲ್ಲರಿಗಿಂತ ಮುಂದೆ ನನ್ನ ನಾದಿನಿ. "ನಾನೇ ದಾರಿ ತೋರುಸ್ದೆ ಅತ್ಗೆ. ಅಣ್ಣನ ಮೇಲಿನ ಅಪವಾದ ಹೋಗ್ಲಿ ಅಂತ" ಅಂದಳು. ಅವಳ ಜುಟ್ಟು ಹಿಡಿಯಬೇಕು ಅನ್ನಿಸಿತು.

ಅಡ್ಮಿನ್ನು ಫೋನು ಎತ್ತಿ ಹಿಡಿದು ಹೇಳಿದರು: "ಕೊಲೆಗೆ ಬಳಸಿದ ಆಯುಧ ಆ ಸೊಪ್ಪಿನ ರಾಶಿಯ ಅಡಿಯಲ್ಲಿದೆ ಅಂತ ನಮ್ಮ ಗುಂಪಿನಲ್ಲಿ ತೀರ್ಮಾನವಾಗಿದೆ. ನಾವು ಸೊಪ್ಪು ಎತ್ತಿ ನೋಡಬೇಕು."

ಬೈಯುವುದಕ್ಕೆ ಬಾಯಿ ತೆರೆದವಳು ಹಾಗೇ ನಿಂತೆ. ಬಂದವರ ಕೈಗಳನ್ನು ನೋಡಿದೆ. ಎಷ್ಟೊಂದು ಕೈಗಳು!

"ನೋಡಿ ಸ್ವಾಮಿ, ಧಾರಾಳವಾಗಿ ನೋಡಿ. ಆದ್ರೆ ಹುಳ ಎತ್ತದೆ ಸೊಪ್ಪು ಎತ್ತಕಾಗಲ್ಲ. ಹೊಳೆಯೋ ಹುಳನೆಲ್ಲ ಒಂದೊಂದಾಗಿ ಆರಿಸಿ ಈ ಚಂದ್ರಿಕೆ ಮೇಲೆ ಬಿಡಿ. ಆಮೇಲೆ ಅಡೀಲಿ ಏನಿದ್ರೂ ನಿಮ್ದೇ" ಅಂದೆ.

ನಮ್ಮೆಜಮಾನರು ನನ್ನ ಮುಖ ನೋಡಿದರು. ಆಮೇಲೆ ಬಂದವರ ಕೈಕಾಲಿಗೆಲ್ಲ ಬ್ಲೀಚಿಂಗ್ ನೀರು ಹಾಕಿ ತೊಳೆಸಿದರು.

ಮೊದಮೊದಲು ಹುಳ ಮುಟ್ಟಿದಾಗಲೆಲ್ಲ ಅಡ್ಮಿನ್ನು ಕಿರುಚಿದರು. ಆಮೇಲೆ ಫೋನು ಹಿಡಿದುಕೊಂಡು ಹುಳ ಆರಿಸಲು ಆಗುವುದಿಲ್ಲ ಅಂತ ಗೊತ್ತಾಗಿ ಫೋನು ಗೂಟಕ್ಕೆ ಸಿಕ್ಕಿಸಿದರು. ಹೆಡ್‌ಮಾಸ್ಟರು ಮಧ್ಯಾಹ್ನದೊಳಗೆ ಪಂಡಿತರಾಗಿದ್ದರು. "ಮೊದಲನೆಯದಾಗಿ, ಅದು ಇನ್ನೂ ಹಣ್ಣಾಗಿಲ್ಲ, ಕೆಳಗಿಡಿ. ಎರಡನೆಯದಾಗಿ, ಹಿಸುಕಬೇಡಿ" ಅಂತ ಬೈಯುತ್ತಾ ಓಡಾಡಿದರು. ನನ್ನ ನಾದಿನಿಗೆ ತವರಿನ ಕೆಲಸ ಮರೆತಿರಲಿಲ್ಲ, ಎರಡು ಕೈಯಲ್ಲೂ ಆರಿಸಿದಳು. ಜುಟ್ಟು ಹಿಡಿಯುವ ಯೋಚನೆ ಬಿಟ್ಟೆ. ಎಲ್ಲರಿಗೂ ಮುದ್ದೆ, ಬಸ್ಸಾರು ಮಾಡಿ ಹಾಕಿದೆ. ಆಯುಧದ ಮಾತು ಊಟವಾದ ಮೇಲೆ ಯಾರೂ ಎತ್ತಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಕೊನೆಯ ಹುಳವೂ ಚಂದ್ರಿಕೆ ಸೇರಿತ್ತು. ಸೊಪ್ಪಿನ ಕಸ ಗುಡಿಸಿ ಅಡಿಯಲ್ಲಿ ನೋಡಿದರು. ಬರೀ ನೆಲ. ನನಗಂತೂ ಆ ನೆಲಕ್ಕೆ ಕೈ ಮುಗಿಯೋಣ ಅನ್ನಿಸಿತು. ಬೆಳೆ ಉಳಿದಿತ್ತು.

ಅಡ್ಮಿನ್ನು ಸೊಂಟ ಹಿಡಿದುಕೊಂಡು ಫೋನಿನ ಮುಂದೆ ನಿಂತರು. "ವೀಕ್ಷಕರೇ, ಇಡೀ ದಿನ ಶೋಧಿಸಿದ್ದೇವೆ. ಇಲ್ಲಿ ಏನೂ ಇಲ್ಲ. ಈ ಯಜಮಾನರು ಸಂಪೂರ್ಣ ನಿರಪರಾಧಿ ಅಂತ ನಮ್ಮ ಗುಂಪು ಘೋಷಿಸುತ್ತದೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರೇ ಬಂತು. ಆದರೆ ತಲೆಯಲ್ಲಿ ಬೇರೆ ಚಿಂತೆ. ಹಿತ್ತಿಲ ಶೆಡ್ಡಿನಲ್ಲಿ ಇನ್ನೊಂದಷ್ಟು ಹುಳ ಇತ್ತು, ಅದು ಮಾರನೇ ದಿನ ಹಣ್ಣಾಗುವುದಿತ್ತು. ಅದಕ್ಕೆ ಆಳು ಎಲ್ಲಿಂದ ತರುವುದು?

ಬೆಳಗಿನಿಂದ ತುಟಿ ಬಿಚ್ಚದ ನಮ್ಮೆಜಮಾನರು ಅಡ್ಮಿನ್ನಿನ ಹತ್ತಿರ ಹೋಗಿ, ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಅಂದರು:

"ಅಂಗೆ ಅವ್ಸರಕ್ಕೆ ನಿರಪರಾಧಿ ಅಂದ್ಬುಟ್ರೆ ಎಂಗೆ ಸ್ವಾಮಿ? ಹಿತ್ಲ ಶೆಡ್ಡು ಇನ್ನೂ ನೋಡೇ ಇಲ್ವಲ್ಲ. ಅದ್ರ ಮೇಲೆ ನಂಗೇ ಒಸಿ ಅನುಮಾನ ಐತೆ. ನಾಳೆ ಬೆಳಿಗ್ಗೆ ಬಿರ್ರನೆ ಬಂದ್ಬುಡಿ, ಇನ್ನೂ ನಾಕು ಜನಾನ ಜತೇಲಿ ಕರ್ಕೊಂಡು."