ಅತ್ತೆಯ ದನಿಗೆ ಹತ್ತೊಂಬತ್ತು ವೋಲ್ಟು

ನಮ್ಮ ಸೋದರಮಾವನ ಮನೆಯಲ್ಲಿ ಸತ್ತವರು ಮಾತಾಡುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ! ಮಹಾಲಯ ಅಮಾವಾಸ್ಯೆಯ ದಿನ ಆನವಟ್ಟಿಗೆ ಬಂದು ನೋಡಿ, ಆಮೇಲೂ ನಗು ಬಂದರೆ ಹೇಳಿ. ಹಿರಿಯರಿಗೆ ಎಡೆ ಇಟ್ಟು ನಾವೆಲ್ಲ ಹೊರಗೆ ನಿಂತಿರುತ್ತೇವೆ. ಮಾವ ಒಬ್ಬನೇ ಒಳಗೆ. ಆಗ, ತೀರಿಕೊಂಡ ಅತ್ತೆಯ ದನಿ ಕೇಳುತ್ತದೆ: “ಎಲ್ಲಾರೂ ಊಟಕ್ಕೆ ಬರ್ರಿ.” ಮಾವ ತಕ್ಷಣ ಅದನ್ನು ನಿಲ್ಲಿಸಿ, ಹೊರಗೆ ಬಂದು ಬಾಗಿಲು ಎಳೆಯುತ್ತಾನೆ. ತನ್ನ ಎಡೆಗೆ ತಾನೇ ಕರೆಯುವ ಹೆಂಗಸು ಬೇರೆಲ್ಲಾದರೂ ಉಂಟೇ? ಹೊಸದಾಗಿ ಬಂದ ನನ್ನ ಹೆಂಡತಿ ಇದನ್ನು ಮೊದಲ ಸಲ ಕೇಳಿದ ದಿನ ಪಾಯಸ ಮುಟ್ಟಲಿಲ್ಲ.

ಅತ್ತೆ ಇದ್ದಾಗ ಯಾವುದೋ ಹಬ್ಬದಲ್ಲಿ ಮಾವ ರೆಕಾರ್ಡ್ ಮಾಡಿದ್ದ ಆ ದನಿ ಇದ್ದದ್ದು ಒಂದು ಹಾರ್ಡ್‌ಡಿಸ್ಕಿನಲ್ಲಿ. ಕಾಪಿ ಮಾಡಿಡೋಣ ಎಂದು ಎಷ್ಟು ಬಡಿದುಕೊಂಡೆ! “ಒಬ್ಬಳು ಎರಡು ಕಡೆ ಇರಕ್ಕಾಗ್ತದೇನೋ?” ಎಂದು ಮಾವ ಬಾಯಿ ಮುಚ್ಚಿಸಿದ.

ಮಹಾರಾಯನಿಗೆ ಇನ್ನೊಂದು ಹುಚ್ಚು. ಕೆಟ್ಟ ಸಾಮಾನು ಗುಜರಿಗೆ ಹೋದರೂ ಅದರ ಅಡಾಪ್ಟರ್ ಹೋಗುವುದಿಲ್ಲ. ಅವೆಲ್ಲ ನಡುಮನೆಯ ತಂತಿಗೆ ಸಾಲಾಗಿ ನೇತಾಡುತ್ತ, ಗಾಳಿ ಬಂದರೆ ಟಕಟಕ ಎನ್ನುತ್ತವೆ. ಹೋದ ಸಲ ಅಮಾವಾಸ್ಯೆಯ ಹಿಂದಿನ ದಿನ ಡಿಸ್ಕಿನ ಹನ್ನೆರಡು ವೋಲ್ಟಿನ ಅಡಾಪ್ಟರ್ ಕೈಗೆ ಸಿಗದೆ, ಯಾವುದೋ ಸತ್ತ ಲ್ಯಾಪ್‌ಟಾಪಿನ ಹತ್ತೊಂಬತ್ತು ವೋಲ್ಟಿನದನ್ನು ಚುಚ್ಚಿದ. ಪಿನ್ನು ಸರಿಯಾಗಿ ಕೂತಿತು, ಅವನಿಗೆ ಅಷ್ಟು ಸಾಕು. ಟಿಕ್ ಎಂದಿತು, ಸುಟ್ಟ ವಾಸನೆ ಬಂತು, ಆಮೇಲೆ ಏನೂ ಇಲ್ಲ. “ನಿಮ್ಮತ್ತೆ ಉಸಿರಾಡ್ತಿಲ್ಲ ಕಣೋ, ಬಾ” ಎಂದು ಫೋನ್ ಮಾಡಿದ. ಅತ್ತೆ ತೀರಿಕೊಂಡ ದಿನವೂ ಇದೇ ಮಾತು ಹೇಳಿದ್ದ.

ನಾನು ಬಂದು ಇಬ್ಬರೂ ಡಿಸ್ಕು ಒಯ್ದು ತೋರಿಸಿದರೆ, ಸೊರಬದ ಕಂಪ್ಯೂಟರ್ ಅಂಗಡಿಯವನು ಮೂಸಿ ನೋಡಿ, ಹೋಗಿಬಿಟ್ಟಿದೆ ರೀ ಎಂದ. ಮಾವ ಡಿಸ್ಕನ್ನು ಅತ್ತೆಯ ಸೀರೆಯಲ್ಲಿ ಸುತ್ತಿ ಶಿಕಾರಿಪುರದ ಸರ್ಕಾರಿ ಬಸ್ಸು ಹತ್ತಿದ. ಕಿಟಕಿ ಪಕ್ಕ ಅದನ್ನು ಕೂರಿಸಿ, ಕಂಡಕ್ಟರಿಗೆ ಇಬ್ಬರು ಗಂಡಸರು, ಒಂದು ಹೆಂಗಸರ ಫ್ರೀ ಟಿಕೆಟ್ಟು ಎಂದು ಅತ್ತೆಯ ಆಧಾರ್ ಕಾರ್ಡು ಹಿಡಿದ! ಕಂಡಕ್ಟರ್ ಕಾರ್ಡು ನೋಡಿದ, ಸೀರೆಯ ಗಂಟು ನೋಡಿದ, ನನ್ನ ಮುಖ ನೋಡಿದ. ಶಿಕಾರಿಪುರ ಬರುವವರೆಗೂ ನಮ್ಮ ಸೀಟಿನ ಹತ್ತಿರ ಸುಳಿಯಲಿಲ್ಲ.

ಶಿಕಾರಿಪುರದಲ್ಲಿ ರೇಡಿಯೋ ರಿಪೇರಿ ಕಾಲದಿಂದಲೂ ಅಂಗಡಿ ಇಟ್ಟಿರುವ ಸಾಹೇಬರೊಬ್ಬರಿದ್ದಾರೆ. ಡಿಸ್ಕು ಬಿಚ್ಚಿ, ಸುಟ್ಟು ಕಪ್ಪಾದ, ಸಾಸಿವೆಯಷ್ಟು ಸಣ್ಣ ಚೂರೊಂದನ್ನು ತೋರಿಸಿದರು. “ಇದು ಕಾವಲಿಗೆ ಇರೋದು ಯಜಮಾನ್ರೆ. ಕರೆಂಟು ಜಾಸ್ತಿ ಬಂದ್ರೆ ತಾನು ಸುಟ್ಕೊಂಡು ಒಳಗಿಂದು ಉಳಿಸ್ತದೆ.” ಅದನ್ನು ಕಿತ್ತು, ಸರಿಯಾದ ಹನ್ನೆರಡು ವೋಲ್ಟು ಕೊಟ್ಟರು. ಡಿಸ್ಕು ಗುಂಯ್ ಎಂದು ತಿರುಗಿತು. ಮಾವ ನನ್ನ ಕೈ ಹಿಡಿದುಕೊಂಡ.

ಸಾಹೇಬರು ಫೈಲು ತೆರೆದರು. “ಎಲ್ಲಾರೂ ಊಟಕ್ಕೆ ಬರ್ರಿ.” ಅಲ್ಲೇ ನಿಲ್ಲಿಸಲು ಮಾವ ಗಾಬರಿಯಿಂದ ಕೈ ಚಾಚಿದ, ಆದರೆ ಮೌಸ್ ಇದ್ದದ್ದು ಸಾಹೇಬರ ಕೈಲಿ. ಪಾತ್ರೆಯ ಸದ್ದು. ಆಮೇಲೆ ಅತ್ತೆ ಮೆಲ್ಲಗೆ, ತೀರಾ ಹತ್ತಿರದಿಂದ, “ನೀವೂ ಬರ್ರಿ. ಇನ್ನೆಷ್ಟೊತ್ತು ಕಾಯ್ಲಿ?” ಎಂದಳು.

ಇಷ್ಟು ದಿನ ಇದನ್ನು ಯಾಕೆ ಕೇಳಿಸಲಿಲ್ಲ ಎಂದು ಮಾವನನ್ನು ಕೇಳಿದೆ.

“ಅವಳು ಕರೀತಾಳಲ್ಲೋ. ಹೋಗ್ಬಿಡ್ತೀನೇನೋ ಅಂತ ಹೆದರಿಕೆ ಆಗ್ತಿತ್ತು” ಎಂದ. ಆಮೇಲೆ ತಾನಾಗಿಯೇ, ಒಂದು ಕಾಪಿ ಮಾಡಿಕೊಡಿ ಎಂದು ಸಾಹೇಬರನ್ನು ಕೇಳಿದ.

ಮರುದಿನ ಎಡೆ ಇಟ್ಟು ನಾವು ಹೊರಗೆ ನಿಂತೆವು. ದನಿ ಈ ಸಲ ಪೂರ್ತಿ ಕೇಳಿತು. ಮಾವ ಹೊರಗೆ ಬರಲಿಲ್ಲ. ಕಿಟಕಿಯಿಂದ ಇಣುಕಿದರೆ, ಅತ್ತೆಯ ಎಡೆಯ ಪಕ್ಕ ಇನ್ನೊಂದು ಎಲೆ ಹಾಕಿಕೊಂಡು ಕೂತಿದ್ದ.

“ಬಂದೆ ಕಣೇ,” ಎನ್ನುತ್ತಿದ್ದ. “ಬಡ್ಸು.”